ಭಾಷಣದಲ್ಲಿ ಮೊದಲ ಬಹುಮಾನ, ಬಚ್ಚಲಲ್ಲಿ ತೆರೆದ ನಲ್ಲಿ

ಪ್ರಶ್ನೆ: ನಮ್ಮದು ಚಿಂತಾಮಣಿ. ಮಗಳಿಗೆ ಹತ್ತು ವರ್ಷ, ಮಗನಿಗೆ ಐದು. ಪರಿಸರ ದಿನಾಚರಣೆಯಲ್ಲಿ ಮಗಳು ‘ನೀರು ಉಳಿಸಿ’ ಎಂದು ಭಾಷಣ ಮಾಡಿ ಮೊದಲ ಬಹುಮಾನ ತಂದಳು. ಮನೆಯಲ್ಲಿ ಮಾತ್ರ ನಲ್ಲಿ ಬಿಟ್ಟುಕೊಂಡೇ ಹಲ್ಲುಜ್ಜುತ್ತಾಳೆ. ಕೇಳಿದರೆ ‘ಅಪ್ಪ ಬೈಕ್ ತೊಳೆಯೋಕೆ ಪೈಪ್ ಬಿಡಲ್ವಾ?’ ಅಂತಾಳೆ. ಕಸ ಬೇರ್ಪಡಿಸೋದು ಕಲಿಸೋಣ ಅಂದರೆ ನಮ್ಮ ಅತ್ತೆ ‘ಮಕ್ಕಳ ಕೈಲಿ ಕಸ ಮುಟ್ಟಿಸಬೇಡ’ ಅಂತ ಬೈತಾರೆ. ಯಾವ ವಯಸ್ಸಿಗೆ ಏನು ಕಲಿಸಬೇಕು? ಚಾರ್ಟ್ ಹಾಕಿ ಸ್ಟಾರ್ ಕೊಟ್ಟರೆ ಆಗುತ್ತಾ? ಇಷ್ಟೆಲ್ಲ ಮಾಡಿದರೆ ನಿಜವಾಗಲೂ ಏನಾದರೂ ಬದಲಾಗುತ್ತಾ?

ಉತ್ತರ: ಮಗಳು ಎದುರು ಮಾತಾಡಿದಳೆಂದು ನಿಮಗೆ ಬೇಸರವಾಗಿರಬಹುದು. ನಿಮ್ಮ ಪತ್ರದಲ್ಲಿ ನನಗೆ ಭರವಸೆ ಕೊಟ್ಟ ಮಾತು ಅದೇ. ಮನೆಯಲ್ಲಿ ನೀರು ಎಲ್ಲಿ ಪೋಲಾಗುತ್ತಿದೆ ಎಂದು ಅವಳು ಸರಿಯಾಗಿಯೇ ಗುರುತಿಸಿದ್ದಾಳೆ. ಅವಳಿಗೆ ಇನ್ನು ಬೇಕಿರುವುದು ಲೆಕ್ಕ, ಅಷ್ಟೆ.

ಭಾನುವಾರ ಯಜಮಾನರು ಬೈಕ್ ತೊಳೆಯುವ ಹೊತ್ತಿಗೆ ಹದಿನೈದು ಲೀಟರಿನ ಬಕೆಟ್ ಒಂದನ್ನು ಅವಳ ಕೈಗೆ ಕೊಡಿ. ಅದೇ ಪೈಪಿನಿಂದ ಬಕೆಟ್ ತುಂಬಲು ಎಷ್ಟು ಹೊತ್ತು ಬೇಕು ಎಂದು ಮೊಬೈಲಿನಲ್ಲಿ ನೋಡಲಿ. ಆಮೇಲೆ ಬೈಕ್ ತೊಳೆಯಲು ಪೈಪ್ ಎಷ್ಟು ನಿಮಿಷ ಹರಿಯಿತು ಎಂದು ಬರೆದುಕೊಳ್ಳಲಿ. ಮುಂದಿನ ವಾರ ಅದೇ ಬೈಕನ್ನು ಬಕೆಟ್ ನೀರು, ಹಳೇ ಬಟ್ಟೆ ಇಟ್ಟುಕೊಂಡು ಒರೆಸಿ ತೊಳೆಯಲಿ. ಎರಡು ಬಕೆಟ್ ಖರ್ಚಾದರೆ ಹೆಚ್ಚು. ಇದೇ ಲೆಕ್ಕವನ್ನು ಬಚ್ಚಲಿಗೂ ತನ್ನಿ. ಅಲ್ಲಿನ ನಲ್ಲಿಯಲ್ಲಿ ಬಕೆಟ್ ತುಂಬಲು ಎರಡು ನಿಮಿಷ ಹಿಡಿದರೆ ನಿಮಿಷಕ್ಕೆ ಏಳೂವರೆ ಲೀಟರ್ ಆಯಿತು. ನಲ್ಲಿ ಬಿಟ್ಟುಕೊಂಡು ಮೂರು ನಿಮಿಷ ಹಲ್ಲುಜ್ಜಿದರೆ ಒಂದೂವರೆ ಬಕೆಟ್ ಹೋಯಿತು. ಮಗ್ಗಿನಲ್ಲಿ ಹಿಡಿದುಕೊಂಡರೆ ಒಂದು ಲೀಟರ್ ಸಾಕು. ಈ ಅಂಕಿಯನ್ನು ನೀವಾಗಿ ಹೇಳಬೇಡಿ, ಅವಳೇ ಕಂಡುಹಿಡಿಯಲಿ. ನಾವು ಹೇಳಿದರೆ ಅದೂ ಇನ್ನೊಂದು ಭಾಷಣ ಆಗುತ್ತದೆ. ತಾನೇ ಅಳೆದದ್ದಾದರೆ ಅಪ್ಪನ ಮುಂದೆ ಹಿಡಿಯಲು ಅವಳ ಹತ್ತಿರ ಒಂದು ಕಾಗದ ಇರುತ್ತದೆ. ಅಪ್ಪ ಅದನ್ನು ನೋಡಿ ಪೈಪ್ ಸುತ್ತಿಡಬೇಕು, ಅದು ನಿಮ್ಮಿಬ್ಬರ ನಡುವಿನ ಒಪ್ಪಂದ. ದೊಡ್ಡವರು ಬದಲಾಗದ ಮನೆಯಲ್ಲಿ ಮಕ್ಕಳನ್ನು ತಿದ್ದುವ ಉಪಾಯ ನನ್ನ ಹತ್ತಿರ ಇಲ್ಲ.

ಶಾಲೆಗಳ ಇಕೋ ಕ್ಲಬ್‌ಗಳಲ್ಲಿ ಮಕ್ಕಳ ಜೊತೆ ಕೂತಾಗಲೆಲ್ಲ ನಾನು ಹೇಳುವುದು ಒಂದೇ: ಒಳ್ಳೆಯ ಅಭ್ಯಾಸಗಳ ಪಟ್ಟಿ ಬೇಡ, ಮನೆಯ ಒಂದು ಕೆಲಸದ ಉಸ್ತುವಾರಿ ಕೊಡಿ. ಉಸ್ತುವಾರಿ ಕೊಟ್ಟ ಮೇಲೆ ದೊಡ್ಡವರನ್ನು ಪ್ರಶ್ನಿಸುವ ಹಕ್ಕನ್ನೂ ಕೊಡಿ. ಮಗಳಿಗೆ ನೀರು ಒಪ್ಪಿಸಿ. ನಿಮ್ಮ ಊರಿನಲ್ಲಿ ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿಲ್ಲ.

ನೀರಿನ ಉಸ್ತುವಾರಿ ಎಂದರೆ ಮೊದಲು ನೀರು ಬರುವ ದಾರಿ ಗೊತ್ತಿರಬೇಕು. ಪಠ್ಯಪುಸ್ತಕದಲ್ಲಿ ನೀರು ನದಿಯಿಂದ ಬರುತ್ತದೆ. ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಅರ್ಕಾವತಿ ಎಲ್ಲವೂ ಹುಟ್ಟುವುದು ನಂದಿ ಬೆಟ್ಟದ ಸಾಲಿನಲ್ಲೇ, ಆದರೂ ನಮಗೆ ಹರಿಯುವ ನದಿ ಇಲ್ಲ! ಹಿಂದೆ ಊರುಗಳನ್ನು ಸಾಕಿದ್ದು ಕೆರೆ ಮತ್ತು ತೆರೆದ ಬಾವಿ. ಈಗ ಕೊಳವೆಬಾವಿ. ಅದೂ ಸಾವಿರ ಅಡಿ ದಾಟಿ ಸಾವಿರದೈನೂರರತ್ತ ಇಳಿದಿದೆ.

ಇಲ್ಲಿ ನಿಮ್ಮ ಅತ್ತೆಯವರ ಸಹಾಯ ಬೇಕು. ‘ಅಜ್ಜಿ, ನೀನು ಚಿಕ್ಕವಳಿದ್ದಾಗ ಬಾವಿಗೆ ಎಷ್ಟು ಮಾರು ಹಗ್ಗ ಬೇಕಿತ್ತು?’ ಎಂದು ಮಗಳು ಕೇಳಲಿ. ಅವರು ಆರು ಮಾರು ಅಂದರೆ, ಮಾರಿಗೆ ಆರು ಅಡಿಯಂತೆ ಮೂವತ್ತಾರು ಅಡಿ. ನಿಮ್ಮ ಬೀದಿಗೆ ನೀರು ಕೊಡುವ ಬೋರ್ 1,200 ಅಡಿ ಇದ್ದರೆ ಇನ್ನೂರು ಮಾರು ಹಗ್ಗ ಬೇಕು. ಇಷ್ಟು ಹಗ್ಗ ನಿಮ್ಮ ಬೀದಿಯ ಯಾವ ಮನೆಯವರೆಗೆ ಹೋಗುತ್ತದೆ ಎಂದು ಹೆಜ್ಜೆ ಹಾಕಿ ನೋಡಿದ ಮಗುವಿಗೆ ‘ಅಂತರ್ಜಲ ಕುಸಿದಿದೆ’ ಎಂಬ ಸಾಲನ್ನು ಬಾಯಿಪಾಠ ಮಾಡಿಸಬೇಕಿಲ್ಲ. ಅತ್ತೆಯವರಿಗೂ ತಮ್ಮ ಮಾತಿಗೆ ಮನೆಯಲ್ಲಿ ಬೆಲೆ ಇದೆ ಎಂದು ಖುಷಿಯಾದೀತು. ಕಸದ ವಿಷಯಕ್ಕೆ ಬಂದಾಗ ಆ ಖುಷಿ ನಿಮ್ಮ ಉಪಯೋಗಕ್ಕೆ ಬರುತ್ತದೆ.

ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಅವಳು ಕೇಳಿದರೆ ಹೇಳಲು ನಿಮ್ಮ ಜಿಲ್ಲೆಯಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಬೆಂಗಳೂರಿನ ಮನೆಗಳ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ 2018ರಿಂದ ಬಿಡುತ್ತಿದ್ದಾರೆ. ಇಂಥದ್ದೇ ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ಯೋಜನೆಯ ನೀರು ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಬಂತು. ಅಂತರ್ಜಲ ಮರುಪೂರಣಕ್ಕೆಂದು ತುಂಬಿಸುವ ನೀರು ಅದು, ಕುಡಿಯಲು ಅಲ್ಲ. ಮೂರನೇ ಹಂತದ ಸಂಸ್ಕರಣೆಯೂ ಆಗಬೇಕೆಂದು ಇಲ್ಲಿನ ಜನ ವರ್ಷಗಳಿಂದ ಕೇಳುತ್ತಲೇ ಇದ್ದಾರೆ, ಆ ಬೇಡಿಕೆ ನ್ಯಾಯವಾದದ್ದೇ. ಬೆಂಗಳೂರಿನ ಯಾವುದೋ ಮನೆಯಲ್ಲಿ ಚೆಲ್ಲಿದ ನೀರು ನಮ್ಮ ಕೆರೆಗೆ ಬಂದು ನಿಂತಿದೆ ಎಂದು ಕೇಳಿದರೆ ಹತ್ತು ವರ್ಷದ ಹುಡುಗಿ ಎಷ್ಟು ಪ್ರಶ್ನೆ ಕೇಳುತ್ತಾಳೋ ನೋಡಿ. ಸೋಪಿನ ಪುಡಿ, ಆಸಿಡ್, ಹಳೇ ಮಾತ್ರೆಗಳನ್ನು ಚರಂಡಿಗೆ ಸುರಿಯಬಾರದು ಎಂಬುದನ್ನೂ ಆಗಲೇ ಹೇಳಿಬಿಡಿ.

ಇನ್ನು ಮನೆಯ ಮಟ್ಟದ ಕೆಲಸ. ಮೋಟರ್ ಹಾಕಿ ಮರೆತು ತಾರಸಿಯ ಟ್ಯಾಂಕ್ ತುಂಬಿ ಚೆಲ್ಲುವುದು ನಮ್ಮೂರುಗಳ ಅತಿ ದೊಡ್ಡ ಪೋಲು. ಅದರ ಕಾವಲು ಅವಳದು: ಸ್ವಿಚ್ಚು ಮುಟ್ಟುವುದು ಬೇಡ, ತುಂಬುವ ಹೊತ್ತಾಯಿತು ಎಂದು ಕೂಗಿದರೆ ಸಾಕು. ತೊಟ್ಟಿಕ್ಕುವ ನಲ್ಲಿಯ ಕೆಳಗೆ ರಾತ್ರಿ ಪಾತ್ರೆ ಇಟ್ಟು ಬೆಳಿಗ್ಗೆ ಅಳೆಯಲಿ. ಆ ಲೀಟರ್ ಲೆಕ್ಕ ನೋಡಿದ ಮೇಲೂ ಪ್ಲಂಬರನ್ನು ಕರೆಯದಿದ್ದರೆ ತಪ್ಪು ನಿಮ್ಮದು. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು ಕರಿಬೇವಿನ ಗಿಡಕ್ಕೆ ಹೋಗಲಿ.

ಒಂದು ಕಡೆ ಮಾತ್ರ ಉಳಿತಾಯದ ಉತ್ಸಾಹಕ್ಕೆ ಕಡಿವಾಣ ಹಾಕಬೇಕು. ಮನೆಯಲ್ಲಿ ಆರ್‌ಒ ಯಂತ್ರ ಇದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ಎರಡು-ಮೂರು ಲೀಟರ್ ಹೊರಗೆ ಹೋಗುವುದನ್ನು ಮಗಳು ನೋಡಿಯೇ ನೋಡುತ್ತಾಳೆ. ‘ಹಾಗಾದರೆ ನಲ್ಲಿ ನೀರೇ ಕುಡಿಯೋಣ’ ಎನ್ನಬಹುದು. ಒಪ್ಪಬೇಡಿ. ನಮ್ಮ ಭಾಗದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವುದು ಹಳೆಯ ಸಮಸ್ಯೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5 ಮಿ.ಗ್ರಾಂ.ವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಸುಮಾರು ಎಂಟು ವರ್ಷದವರೆಗೆ ಶಾಶ್ವತ ಹಲ್ಲುಗಳ ಹೊರಪದರ ಒಳಗೊಳಗೇ ರೂಪುಗೊಳ್ಳುತ್ತಿರುತ್ತದೆ. ಆ ವಯಸ್ಸಿನಲ್ಲಿ ಫ್ಲೋರೈಡ್ ಹೆಚ್ಚಾದರೆ ಹಲ್ಲಿನ ಮೇಲೆ ಬಿಳಿ, ಕಂದು ಕಲೆ ಬಂದು ಹಾಗೇ ಉಳಿಯುತ್ತದೆ. ನಿಮ್ಮ ಮಗನಿಗೆ ಈಗ ಐದು. ಆದ್ದರಿಂದ ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದ ಕ್ಯಾನ್ ಅಥವಾ ಆರ್‌ಒ ನೀರೇ ಇರಲಿ. ನಿಮ್ಮ ಬೋರ್ ನೀರನ್ನು ಒಮ್ಮೆ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಆರ್‌ಒ ಹೊರಹಾಕುವ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಗಿಡಗಳಿಗೆ ದಿನವೂ ಹಾಕಬೇಡಿ, ಕುಂಡದ ಮಣ್ಣಿನಲ್ಲಿ ಉಪ್ಪು ಸೇರುತ್ತಾ ಹೋಗುತ್ತದೆ. ದನಕ್ಕೂ ಕುಡಿಸಬೇಡಿ.

ಫ್ಲೋರೈಡ್ ಇಲ್ಲದ ನೀರು ಬೇಕೆಂದರೆ ಅದು ಆಕಾಶದಿಂದ ಬರುತ್ತದೆ. ಇಲ್ಲಿ ಮಗಳಿಗೆ ಇನ್ನೊಂದು ಲೆಕ್ಕ ಸಿಗುತ್ತದೆ: ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನೇರ ಗೋಡೆಯ ಗಾಜಿನ ಲೋಟ ಒಂದನ್ನು ತಾರಸಿಯ ಬಯಲಲ್ಲಿಟ್ಟು, ಮಳೆ ನಿಂತ ಮೇಲೆ ಸ್ಕೇಲಿನಿಂದ ಅಳೆಯಲಿ. ಸಾವಿರ ಚದರಡಿ ತಾರಸಿ ಎಂದರೆ ಸುಮಾರು 93 ಚದರ ಮೀಟರ್. ಒಂದು ಸಂಜೆ 20 ಮಿ.ಮೀ. ಸುರಿದರೆ 1,860 ಲೀಟರ್ ತಾರಸಿಯಿಂದ ಬೀದಿಗೆ ಹರಿದು ಹೋಯಿತು. ನಮ್ಮಲ್ಲಿ ವರ್ಷಕ್ಕೆ ಬೀಳುವ ಸುಮಾರು 700 ಮಿ.ಮೀ. ಮಳೆಗೆ ಗುಣಿಸಿದರೆ 65 ಸಾವಿರ ಲೀಟರ್. ಅಷ್ಟೂ ಹಿಡಿಯಲಾಗದು, ಒಂದಿಷ್ಟು ಆವಿಯಾಗುತ್ತದೆ, ಒಂದಿಷ್ಟು ಚೆಲ್ಲುತ್ತದೆ. ತಾರಸಿ ಗುಡಿಸಿ, ಮೊದಲ ಮಳೆಯ ಕೊಳೆ ನೀರನ್ನು ಹೊರಬಿಟ್ಟು, ಉಳಿದದ್ದನ್ನು ಜಾಲರಿ ಕಟ್ಟಿದ ಪೈಪಿನಲ್ಲಿ ಡ್ರಮ್ಮಿಗೋ ಸಂಪಿಗೋ ಇಳಿಸಿ. ಸೋಸಿ ಕಾಯಿಸಿದರೆ ಕುಡಿಯಲೂ ಬರುತ್ತದೆ. ಎಷ್ಟೋ ಮನೆಗಳಲ್ಲಿ ಪೈಪು ಹಾಕಿಸುವ ಮನಸ್ಸು ಬಂದದ್ದು ಮಕ್ಕಳು ಈ ಗುಣಾಕಾರ ಮಾಡಿ ತೋರಿಸಿದ ಮೇಲೆ.

ಈಗ ಕಸ. ಅತ್ತೆಯವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ, ಅರ್ಧ ಸರಿಯೇ ಇದೆ. ಬ್ಲೇಡು, ಒಡೆದ ಬಲ್ಬು, ಟ್ಯೂಬ್‌ಲೈಟು, ಬ್ಯಾಟರಿ, ಸೂಜಿ, ಔಷಧಿ, ಡೈಪರ್, ಸ್ಯಾನಿಟರಿ ಪ್ಯಾಡ್, ಫಿನಾಯಿಲ್ ಡಬ್ಬಿ, ಇವನ್ನು ಮಕ್ಕಳು ಮುಟ್ಟಲೇಬಾರದು. ದೊಡ್ಡವರು ಕಾಗದದಲ್ಲಿ ಸುತ್ತಿ ಬೇರೆಯೇ ಇಡಬೇಕು. ಉಂಡ ತಟ್ಟೆಯ ಎಂಜಲನ್ನೂ ಸದ್ಯ ಬಿಡಿ. ಅಡುಗೆಗೆ ಮುಂಚೆ ಬಿಡಿಸಿದ ಅವರೆಕಾಯಿ ಸಿಪ್ಪೆ, ಹೆಚ್ಚಿದ ಈರುಳ್ಳಿ ಸಿಪ್ಪೆ, ಸೊಪ್ಪಿನ ಬೇರು, ಬಾಳೆಹಣ್ಣಿನ ಸಿಪ್ಪೆ, ದೇವರ ಮನೆಯ ಬಾಡಿದ ಹೂವು ಇವುಗಳಿಗೆ ಯಾವ ಮಡಿ-ಮೈಲಿಗೆಯ ತಕರಾರೂ ಬರುವುದಿಲ್ಲ. ಅವಷ್ಟೇ ಮಗಳ ಪಾಲಿನ ಹಸಿ ಕಸ. ತಿಪ್ಪೆಗೊಬ್ಬರ ನೋಡಿ ಬೆಳೆದ ಅತ್ತೆಯವರಿಗೆ ಇದು ಹೊಸದೇನೂ ಅಲ್ಲ, ‘ಕಾಂಪೋಸ್ಟ್’ ಅನ್ನುವ ಬದಲು ‘ಕುಂಡದ ತಿಪ್ಪೆ’ ಅನ್ನಿ.

ಮಾಡುವ ಕ್ರಮ: ತಳದಲ್ಲೂ ಪಕ್ಕದಲ್ಲೂ ತೂತಿರುವ ಎರಡು ಮಣ್ಣಿನ ಕುಂಡ ಅಥವಾ ಹಳೇ ಬಕೆಟ್ ತೆಗೆದುಕೊಳ್ಳಿ. ಒಂದು ಹಿಡಿ ಸಿಪ್ಪೆ ಹಾಕಿದರೆ ಮೇಲೆ ಎರಡು ಹಿಡಿ ಒಣ ಎಲೆ. ಹೊಂಗೆ, ಮಾವು, ಬೇವು ನಡೆಯುತ್ತದೆ. ನೀಲಗಿರಿ ಎಲೆ ಬೇಡ, ಎಣ್ಣೆಯಂಶ ಇರುವುದರಿಂದ ಬೇಗ ಕೊಳೆಯದು. (ನಮ್ಮ ಜಿಲ್ಲೆಗಳಲ್ಲಿ ಹೊಲಹೊಲವನ್ನೇ ನುಂಗಿದ ಮರ ಅದು, ಹೊಸದಾಗಿ ನೆಡಬಾರದೆಂದು ಸರ್ಕಾರ ಆದೇಶಿಸಿದ್ದು 2017ರಲ್ಲಿ.) ಮೊದಲ ಪದರಕ್ಕೆ ಒಂದು ಹಿಡಿ ಕೈತೋಟದ ಮಣ್ಣು, ಒಂದು ಲೋಟ ಹುಳಿ ಮಜ್ಜಿಗೆ. ವಾರಕ್ಕೊಮ್ಮೆ ಕೋಲಿನಿಂದ ತಿರುವಿ. ವಾಸನೆ ಬಂತೆಂದರೆ ಒದ್ದೆ ಹೆಚ್ಚಾಗಿದೆ, ಒಣ ಎಲೆ ಸೇರಿಸಿ. ಏನೂ ಆಗುತ್ತಿಲ್ಲವೆಂದರೆ ತೀರಾ ಒಣಗಿದೆ, ನೀರು ಚಿಮುಕಿಸಿ. ಒಂದು ಕುಂಡ ತುಂಬಿದ ಮೇಲೆ ಮುಚ್ಚಿಟ್ಟು ಇನ್ನೊಂದನ್ನು ಶುರು ಮಾಡಿ. ಎರಡು-ಮೂರು ತಿಂಗಳಿಗೆ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿಗುತ್ತದೆ. ಮನೆಯಲ್ಲೋ ಪಕ್ಕದಲ್ಲೋ ಹಸು ಇದ್ದರೆ ಇಷ್ಟೂ ಪ್ರಯಾಸ ಬೇಡ, ಸಿಪ್ಪೆ ನೇರ ಅದಕ್ಕೇ ಹೋಗಲಿ. ಆದರೆ ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಬೀದಿಯಲ್ಲಿ ಇಡುವ ಅಭ್ಯಾಸ ಇದ್ದರೆ ಇಂದೇ ಬಿಡಿ. ಹಸು ಗಂಟು ಬಿಚ್ಚುವುದಿಲ್ಲ, ಕವರ್ ಸಮೇತ ನುಂಗುತ್ತದೆ.

ಒಣ ಕಸಕ್ಕೆ ನಿಮ್ಮ ಬೀದಿಯ ಗುಜರಿಯವರೇ ಮೇಷ್ಟ್ರು. ತಿಂಗಳ ಒಣ ಕಸವನ್ನು ಚೀಲದಲ್ಲಿ ಕೂಡಿಟ್ಟು ಅವರ ಮುಂದೆ ಸುರಿಯಿರಿ. ಪೇಪರ್, ರಟ್ಟು, ನೀರಿನ ಬಾಟಲಿ, ಎಣ್ಣೆ ಡಬ್ಬ, ತೊಳೆದು ಒಣಗಿಸಿದ ಹಾಲಿನ ಕವರ್ ಅವರು ತೆಗೆದುಕೊಳ್ಳುತ್ತಾರೆ. ಚಿಪ್ಸ್ ಪ್ಯಾಕೆಟ್, ಬಿಸ್ಕತ್ತಿನ ಹೊದಿಕೆ, ಶಾಂಪೂ ಸ್ಯಾಶೆ ಪಕ್ಕಕ್ಕೆ ತಳ್ಳುತ್ತಾರೆ. ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ ಪದರಗಳನ್ನು ಒಂದಕ್ಕೊಂದು ಅಂಟಿಸಿ ಮಾಡಿದ್ದು ಅದು, ಬಿಡಿಸಿ ಮರುಬಳಕೆ ಮಾಡುವುದು ಕಷ್ಟ, ಹಾಗಾಗಿ ಕೊಳ್ಳುವವರಿಲ್ಲ. ಯಾರಿಗೂ ಬೇಡವಾದ ಆ ರಾಶಿಯಲ್ಲಿ ತಾನು ತಿಂದ ಪ್ಯಾಕೆಟ್ ಎಷ್ಟಿವೆ ಎಂದು ಮಗಳು ಎಣಿಸಲಿ. ಅವಳು ಎಣಿಸುವಾಗ ಉಪದೇಶ ಮಾಡಲು ಬಾಯಿ ತುರಿಸುತ್ತದೆ, ತಡೆದುಕೊಳ್ಳಿ. ಹಾಲಿನ ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯದೆ, ಕವರಿಗೇ ಅಂಟಿಕೊಂಡಿರುವಂತೆ ಸೀಳುವುದನ್ನು ಕಲಿಸಿ. ಆ ಚೂರುಗಳನ್ನು ಯಾರೂ ಆಯುವುದಿಲ್ಲ, ಚರಂಡಿಗೇ ಸೇರುತ್ತವೆ. ಹಂಡೆ ಒಲೆ ಹಚ್ಚಲು ಪ್ಲಾಸ್ಟಿಕ್ ಕವರ್ ಹಾಕುವ ರೂಢಿ ಇನ್ನೂ ಎಷ್ಟೋ ಮನೆಗಳಲ್ಲಿದೆ. ಆ ಹೊಗೆ ಮೊದಲು ಹೋಗುವುದು ಒಲೆ ಮುಂದೆ ಕೂತವರ ಎದೆಗೆ. ಕಸ ಸುಡುವುದನ್ನು ಘನತ್ಯಾಜ್ಯ ನಿಯಮ ಕೂಡ ನಿಷೇಧಿಸಿದೆ.

ಶಾಲೆಗೆ ಸಂಬಂಧಿಸಿದ ಒಂದು ಮಾತು. ಮುಂದಿನ ಪರಿಸರ ದಿನಕ್ಕೆ ಥರ್ಮೋಕೋಲಿನಲ್ಲಿ ಮಾದರಿ ಮಾಡಿ ತರಲು ಹೇಳಿದರೆ, ದಯವಿಟ್ಟು ಶಿಕ್ಷಕರ ಜೊತೆ ಮಾತಾಡಿ. 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧಿಸಿರುವ ಏಕಬಳಕೆ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಅಲಂಕಾರದ ಥರ್ಮೋಕೋಲ್ ಇದೆ. ಜಗಳ ಬೇಡ, ರಟ್ಟು, ಜೇಡಿಮಣ್ಣು, ಜೋಳದ ದಂಟು ಸಾಕು ಎಂದು ನೀವೇ ಸೂಚಿಸಿ. ಶಿಕ್ಷಕರು ಸಾಮಾನ್ಯವಾಗಿ ಒಪ್ಪುತ್ತಾರೆ, ಅವರಿಗೂ ಯಾರೋ ಹೇಳಬೇಕಿರುತ್ತದೆ.

ಕರೆಂಟಿನ ವಿಷಯ ಚುಟುಕಾಗಿ. ಗೃಹಜ್ಯೋತಿ ಬಂದ ಮೇಲೆ ಬಿಲ್ಲು ತೋರಿಸಿ ಮಕ್ಕಳನ್ನು ಹೆದರಿಸುವ ದಾರಿ ಮುಚ್ಚಿಹೋಗಿದೆ, ಒಳ್ಳೆಯದೇ ಆಯಿತು. ಭಾನುವಾರ ಭಾನುವಾರ ಮೀಟರಿನ ಅಂಕಿ ಬರೆದಿಡಲಿ. ಮಕ್ಕಳು ಲೈಟು ಆರಿಸುವುದನ್ನು ಕಲಿತು ಫ್ಯಾನನ್ನು ಮರೆಯುತ್ತಾರೆ. ಎಲ್‌ಇಡಿ ಬಲ್ಬು 9 ವಾಟ್ ಆದರೆ ಹಳೇ ಮಾದರಿಯ ಫ್ಯಾನು 75 ವಾಟ್‌ನಷ್ಟು ತಿನ್ನುತ್ತದೆ, ಅಂದರೆ ಎಂಟು ಬಲ್ಬಿಗೂ ಹೆಚ್ಚು.

ಊಟದಲ್ಲಿ ಒಂದೇ ನಿಯಮ: ಮಕ್ಕಳು ತಾವೇ ಬಡಿಸಿಕೊಳ್ಳಲಿ, ಮೊದಲು ಸ್ವಲ್ಪ, ಬೇಕಾದರೆ ಇನ್ನೊಮ್ಮೆ. ತಟ್ಟೆಯಲ್ಲಿ ಮುದ್ದೆ ಉಳಿಯುವುದು ಬಹಳಮಟ್ಟಿಗೆ ದೊಡ್ಡವರು ಬಡಿಸಿದ್ದರಿಂದ.

ಮಗನಿಗೆ ಐದು ವರ್ಷ ಅಂದಿರಿ. ಅವನಿಗೆ ಲೆಕ್ಕ ಬೇಡ, ಜೀವ ಇರುವ ಏನಾದರೂ ಕೊಡಿ. ಅವನದೇ ಒಂದು ದಾಸವಾಳದ ಕುಂಡ, ತಾರಸಿಯಲ್ಲಿ ಹಕ್ಕಿಗಳಿಗೆ ಅಗಲ ಬಾಯಿಯ ಮಣ್ಣಿನ ತಟ್ಟೆ. ತಟ್ಟೆಯ ನೀರನ್ನು ದಿನವೂ ಚೆಲ್ಲಿ, ಒಳಗೋಡೆ ಉಜ್ಜಿ ಹೊಸದಾಗಿ ತುಂಬಬೇಕು. ಡೆಂಗಿ ಹರಡುವ ಸೊಳ್ಳೆ ನಿಂತ ಶುಭ್ರ ನೀರಿನಲ್ಲೇ ಮೊಟ್ಟೆ ಇಟ್ಟು ಸುಮಾರು ಒಂದು ವಾರ, ಹತ್ತು ದಿನದಲ್ಲಿ ಹಾರುತ್ತದೆ. ಮಳೆನೀರಿನ ಡ್ರಮ್ಮಿಗೂ ಇದೇ ಕಾರಣಕ್ಕೆ ಬಿಗಿಯಾದ ಮುಚ್ಚಳ ಬೇಕು. ಅಕ್ಕನಿಗೆ ಕೊಟ್ಟ ಕೆಲಸ ತನಗೂ ಬೇಕೆಂದು ಅವನು ಹಟ ಮಾಡಿದರೆ ಟ್ಯಾಂಕ್ ತುಂಬಿದಾಗ ಕೂಗುವ ಕೆಲಸವನ್ನು ಬಿಟ್ಟುಕೊಡಲು ಅವಳನ್ನು ಒಪ್ಪಿಸಿ. ಕೂಗುವುದರಲ್ಲಿ ಐದು ವರ್ಷದವರನ್ನು ಮೀರಿಸುವವರಿಲ್ಲ.

ನಿಜವಾಗಲೂ ಏನಾದರೂ ಬದಲಾಗುತ್ತಾ ಎಂದು ಕೇಳಿದ್ದೀರಿ. ನೇರವಾಗಿ ಹೇಳುತ್ತೇನೆ: ನಿಮ್ಮ ಮಗಳು ನಲ್ಲಿ ನಿಲ್ಲಿಸಿದ್ದರಿಂದ ಚಿಂತಾಮಣಿಯ ಅಂತರ್ಜಲ ಏರುವುದಿಲ್ಲ. ದೇಶದಲ್ಲಿ ಮೇಲೆತ್ತುವ ಅಂತರ್ಜಲದಲ್ಲಿ ಶೇ. 85ಕ್ಕೂ ಹೆಚ್ಚು ಪಾಲು ನೀರಾವರಿಗೆ ಹೋಗುತ್ತದೆ. ಟೊಮೆಟೊ, ಹಿಪ್ಪುನೇರಳೆಗೆ ಹನಿ ನೀರಾವರಿ, ರಾಜಕಾಲುವೆ ಒತ್ತುವರಿ ತೆರವು, ಕೆರೆ ಹೂಳು ಎತ್ತುವುದು, ಇವೆಲ್ಲ ದೊಡ್ಡವರು, ಪಂಚಾಯಿತಿ, ಸರ್ಕಾರ ಮಾಡಬೇಕಾದ ಕೆಲಸ. ‘ಭೂಮಿ ಉಳಿಸುವುದು ನಿನ್ನ ಕೈಯಲ್ಲಿದೆ’ ಎಂದು ಹತ್ತು ವರ್ಷದ ಮಗುವಿಗೆ ಹೇಳುವುದು ನನಗೆ ಒಪ್ಪಿಗೆಯಿಲ್ಲ. ರಾತ್ರಿ ನಿದ್ದೆಗೆಡುವ ಮಕ್ಕಳನ್ನು ನೋಡಿದ್ದೇನೆ, ಅದರಿಂದ ಕೆರೆಯೇನೂ ತುಂಬಲಿಲ್ಲ. ಬದಲಾಗುವುದು ನಿಮ್ಮ ಮನೆ: ಬೇಸಿಗೆಯಲ್ಲಿ ತರಿಸುವ ಟ್ಯಾಂಕರ್ ಕಡಿಮೆಯಾಗಬಹುದು, ಕಸದ ಬುಟ್ಟಿ ಅರ್ಧ ಖಾಲಿ ಇರುತ್ತದೆ, ತಾರಸಿಗೆ ಪೈಪು ಬರಬಹುದು. ಮುಂದೆ ಅವಳು ವಾರ್ಡ್ ಸಭೆಯಲ್ಲಿ ಕೂತಾಗ ನೀರಿನ ಲೆಕ್ಕ ಕೇಳಬಲ್ಲವಳಾಗಿರುತ್ತಾಳೆ.

ಸ್ಟಾರ್ ಚಾರ್ಟ್ ಬೇಡ. ಸ್ಟಾರಿಗಾಗಿ ಮಾಡಿದ ಕೆಲಸ ಸ್ಟಾರು ನಿಂತ ದಿನವೇ ನಿಲ್ಲುತ್ತದೆ. ಗೋಡೆಗೆ ಏನಾದರೂ ಅಂಟಿಸಲೇಬೇಕೆಂದರೆ ಮಳೆಯ ಮಿ.ಮೀ., ಮೀಟರಿನ ಅಂಕಿ, ಟ್ಯಾಂಕರ್ ಬಂದ ತಾರೀಕು ಬರೆದ ಹಾಳೆ ಅಂಟಿಸಿ. ಅದರಲ್ಲಿ ಯಾರಿಗೂ ಪಾಸು-ಫೇಲು ಇಲ್ಲ. ತಪ್ಪು ಮಾಡಿದಾಗ ‘ಭಾಷಣ ಮಾಡಿದ್ದು ನೀನೇ ತಾನೇ’ ಎಂದು ಚುಚ್ಚುವುದನ್ನೂ ನಿಲ್ಲಿಸಿ. ದಿನದ ಕೆಲಸಕ್ಕೆ ಕಾಸು ಕೊಡಬೇಡಿ. ಗುಜರಿಯ ದುಡ್ಡು ಮಾತ್ರ ಮಕ್ಕಳದ್ದೇ, ಅದರಲ್ಲಿ ನೀವು ಕೈ ಹಾಕಬೇಡಿ. ತೂಕ ಹಾಕುವಾಗ ಮಗಳೇ ಎದುರು ನಿಂತಿರಲಿ. ಪೇಪರಿಗೊಂದು ದರ, ಹಾಲಿನ ಕವರಿಗೊಂದು ದರ. ಎರಡನ್ನೂ ಒಂದೇ ಚೀಲದಲ್ಲಿ ತೂಗಲು ಬಿಟ್ಟರೆ ಅವಳಿಗೆ ನಷ್ಟ.